ಮೈಲಾರಲಿಂಗಪ್ಪನ ಬಡಿತ
ಹಾನಗಲ್ಲಿನಿಂದ ಸವಣೂರಿನವರೆಗೆ ಯಾರೇ ಹಳೆಯ ಕಾಲದ ದೊಡ್ಡ ಕಾರು ಕೊಳ್ಳಲಿ, ಮೊದಲು ಕರೆಯುವುದು ತಿಳವಳ್ಳಿಯ ಮುದುಕ ಬಡಗಿ ಮೈಲಾರಲಿಂಗಪ್ಪನನ್ನು. ಏಕೆಂದರೆ ಅಂಥ ಕಾರುಗಳ ಮಿರುಗುವ ತಗಡಿನೊಳಗೆ ಇರುವುದು ಕಟ್ಟಿಗೆಯ ಚೌಕಟ್ಟು. ಎಂಜಿನ್ನಿನ ಕಡೆ ಅವನು ತಿರುಗಿಯೂ ನೋಡುವುದಿಲ್ಲ. "ತಗಡು ಸೀರಿ ಇದ್ದಂಗರಿ, ಎಲುಬು ಒಳಗ ಐತಿ," ಎನ್ನುತ್ತ ಬಾಗಿಲನ್ನು ತೊಟ್ಟಿಲ ಕೂಸಿನಂತೆ ಮೆಲ್ಲಗೆ ಎತ್ತಿ ನೋಡುತ್ತಾನೆ, ಅದು ಜೋತುಬಿದ್ದರೆ ಹುಬ್ಬು ಗಂಟಿಕ್ಕುತ್ತಾನೆ, ಕಾಲಡಿಯ ಚಾಪೆ ಸರಿಸಿ ಮೂಸುತ್ತಾನೆ, ಕೊನೆಗೆ ಉಳಿಯ ಹಿಡಿಕೆಯಿಂದ ಚೌಕಟ್ಟಿನ ಕಂಬ ಕಂಬಕ್ಕೂ ಬಡಿಯುತ್ತಾನೆ. ಮಗಳನ್ನು ನೋಡಲು ಬಂದ ವರನ ಬೆನ್ನನ್ನೂ ಬಡಿದು ನೋಡಿದನೆಂದು ಊರು ಇವತ್ತಿಗೂ ನಗುತ್ತದೆ. ಹೆಂಡತಿ ಅನ್ನವ್ವ ಹೋದಲ್ಲೆಲ್ಲ ಜೊತೆಗೇ ಬರುತ್ತಾಳೆ. "ಆಕಿಗೆ ಕಾರು ನೋಡೋ ಹುಚ್ಚರಿ," ಎನ್ನುತ್ತಾನೆ. ನಿಜವೆಂದರೆ ಅವನ ಕಿವಿ ಮಂದವಾಗಿ ಎರಡು ವರ್ಷವಾಯಿತು. ತಿಳಿದರೆ ಇನ್ನು ಯಾರೂ ಕರೆಯಲಿಕ್ಕಿಲ್ಲವೆಂಬ ಅಂಜಿಕೆ. ಬಡಿದಲ್ಲಿ ಪೊಳ್ಳು ಸದ್ದು ಬಂದರೆ ಅವಳು ಸೆರಗು ಸರಿಪಡಿಸಿಕೊಳ್ಳುತ್ತಾಳೆ. ಮೊನ್ನೆ ಸವಣೂರಿನಲ್ಲಿ ಅವಳು ಮೂರು ಸಲ ಸೆರಗು ಸರಿಪಡಿಸಿಕೊಂಡಳು. "ಬ್ಯಾಡರಿ, ಒಳಗಿನ ಕಟ್ಟಿಗಿ ಲಡ್ಡಾಗೈತಿ, ಹುಳ ತಿಂದು ಪೊಳ್ಳಾಗೈತಿ," ಎಂದ ಮುದುಕ. ಕಾರು ಕೊಳ್ಳಲು ಬಂದಿದ್ದ ಶಿಗ್ಗಾಂವಿಯ ಲೋಹಿತ ಅನ್ನವ್ವನ ಸೆರಗನ್ನೇ ನೋಡುತ್ತ ನಿಂತಿದ್ದ. ಆಮೇಲೆ ಮುದುಕನ ಕಿವಿಯ ಹತ್ತಿರ ಬಾಗಿ, ಜೋರಾಗಿ, "ಸೋಮವಾರ ಹಿರೇಕೆರೂರಾಗ ಇನ್ನೊಂದು ಕಾರು ನೋಡೂದೈತಿ ಕಾಕಾ, ಕಾಕೂನ್ನ ಬಿಟ್ಟು ಬರಬ್ಯಾಡ್ರಿ," ಎಂದ.