ನಾಯಿಗೊಂದು ಕಡುಬು, ಬೆಕ್ಕಿಗೊಂದು ಲಂಚ

ನಮ್ಮ ಮನೆಯಲ್ಲಿ ಕಡುಬು ಬೇಯಿಸುವ ಪಾತ್ರೆ ಎರಡಿವೆ. ದೊಡ್ಡದು ನಮಗೆ. ಹಿಡಿ ಮುರಿದು ತಳ ಕಪ್ಪಾದ ಚಿಕ್ಕದು ನಾಯಿಗೆ ಮತ್ತು ಬೆಕ್ಕಿಗೆ. ಅದು ಯಾಕೆ ಬಚ್ಚಲುಮನೆಯ ಗೋಡೆಗೆ ನೇತಾಡುತ್ತಿದೆ ಎಂದು ಬಂದ ನೆಂಟರು ಕೇಳಿದರೆ ಹೆಂಡತಿ ನನ್ನ ಕಡೆ ಕೈ ತೋರಿಸಿ ಒಳಗೆ ಹೋಗಿಬಿಡುತ್ತಾಳೆ. ವಿವರಿಸುವ ಕೆಲಸ ನನ್ನದು. ನಾನು ವಿವರಿಸುತ್ತಾ ಹೋದಂತೆ ನೆಂಟರು ತಮ್ಮ ತಟ್ಟೆಯ ಕಡುಬನ್ನು ಒಮ್ಮೆ ಮೂಸಿ ನೋಡುವುದೂ ಉಂಟು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬಣಕಲ್ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆಯಲ್ಲಿ ಅವ್ವ, ಹೆಂಡತಿ, ನಾನು, ಒಂದು ನಾಯಿ, ಒಂದು ಬೆಕ್ಕು, ಮತ್ತು ನನ್ನ ಚಿಂತೆಗಳು. ನಾನು ಹುಟ್ಟಾ ಚಿಂತೆಯವನು. ಮಳೆ ಬಂದರೆ ಬಂತಲ್ಲ ಎಂದು, ಬಾರದಿದ್ದರೆ ಬರಲಿಲ್ಲವಲ್ಲ ಎಂದು. ಬಸ್ಸು ತಡವಾದರೆ ಎಲ್ಲೋ ಉರುಳಿರಬೇಕು ಎಂದುಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಬಂದರೆ ಡ್ರೈವರ್ ಎಷ್ಟು ಜೋರಾಗಿ ಓಡಿಸಿರಬೇಡ ಎಂದುಕೊಂಡು ಹತ್ತಲು ಹಿಂದೆಮುಂದೆ ನೋಡುತ್ತೇನೆ.

ಆ ವರ್ಷದ ಚಳಿಗಾಲಕ್ಕೆ ನನ್ನ ಚಿಂತೆಯ ವಿಷಯ ನಾಯಿ. ಅದಕ್ಕೆ ವಯಸ್ಸಾಗಿತ್ತು. ಮೂತಿ ಬೆಳ್ಳಗಾಗಿ, ಹಿಂಗಾಲು ಎಳೆಯುತ್ತಾ, ಪಕ್ಕದಲ್ಲೇ ನಿಂತು ಕೂಗಿದರೂ ಇನ್ನೊಂದು ದಿಕ್ಕಿಗೆ ನೋಡುತ್ತಿತ್ತು. ಆದರೆ ಕಾವಲು ಕೆಲಸದಿಂದ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಕಾಫಿ ಕೊಯ್ಲು ಶುರುವಾದರೆ ಅದರ ಹಾಸಿಗೆ ಕಣದಲ್ಲೇ. ಹಗಲೆಲ್ಲ ಬಿಸಿಲಿಗೆ ಹರಡಿದ ಹಣ್ಣನ್ನು ಸಂಜೆ ರಾಶಿ ಮಾಡಿ, ಇಬ್ಬನಿ ಬೀಳದಂತೆ ಟಾರ್ಪಾಲು ಹೊದಿಸುತ್ತೇವೆ. ಒಳಗೆ ಬಿಸಿಲಿನ ಶಾಖ ಹಾಗೇ ಉಳಿದಿರುತ್ತದೆ. ನಾಯಿ ಟಾರ್ಪಾಲಿನ ಅಂಚಿಗೆ ಮೂತಿ ತೂರಿಸಿ ಒಳಗೆ ನುಸುಳಿ, ರಾಶಿಯ ಪಕ್ಕ ಮುದುರಿಕೊಂಡರೆ ಬೆಳಗಿನವರೆಗೆ ಏಳುತ್ತಿರಲಿಲ್ಲ. ಕಳ್ಳ ಬಂದು ರಾಶಿ ತುಂಬಿಕೊಂಡು ಹೋದರೂ ಅದಕ್ಕೆ ಚಳಿಯಾದ ಮೇಲೆಯೇ ಗೊತ್ತಾಗುತ್ತಿತ್ತೇನೋ.

ಇಷ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಡಿಸೆಂಬರಿನಲ್ಲಿ ಪಕ್ಕದ ತೋಟದವರ ನಾಯಿಯನ್ನು ಚಿರತೆ ಅಂಗಳದಿಂದಲೇ ಎತ್ತಿಕೊಂಡು ಹೋಯಿತು. ನಮ್ಮದರ ಎರಡರಷ್ಟಿದ್ದ, ನನ್ನನ್ನು ಕಂಡರೆ ಗೇಟಿನ ಮೇಲೇ ಹಾರುತ್ತಿದ್ದ ನಾಯಿ. ಅದಕ್ಕೇ ಆ ಗತಿಯಾದರೆ, ಟಾರ್ಪಾಲಿನಲ್ಲಿ ಪೊಟ್ಟಣ ಕಟ್ಟಿಟ್ಟಂತೆ ಮಲಗುವ ನಮ್ಮ ಮುದುಕನದು?

ಕತ್ತಲಾಗುವ ಮೊದಲು ಅದನ್ನು ಒಳಗೆ ತರಬೇಕು ಎಂದು ನಿರ್ಧರಿಸಿದೆ. ಬಚ್ಚಲುಮನೆಗಿಂತ ಬೆಚ್ಚಗಿನ ಜಾಗ ನಮ್ಮಲ್ಲಿ ಇನ್ನೊಂದಿಲ್ಲ. ನೀರು ಕಾಯಿಸುವ ಹಂಡೆ, ಕೆಳಗೆ ಆರದ ಕೆಂಡ, ಪಕ್ಕದಲ್ಲಿ ಸೌದೆ. ಹಳೆಯ ಕಂಬಳಿ ಹಾಸಿ, ಗೋಣಿಚೀಲ ಮಡಚಿಟ್ಟು, ಕಂದಾಯ ಇಲಾಖೆಯ ದೊಡ್ಡ ಅಧಿಕಾರಿ ಬಂದರೂ ಬೇಸರಪಡದಷ್ಟು ಅನುಕೂಲ ಮಾಡಿದೆ. ನಾಯಿಯನ್ನು ಎತ್ತಿಕೊಂಡೇ ಹೋಗಿ ಒಳಗೆ ಬಿಟ್ಟೆ. ಅದು ಹಂಡೆಯ ಕಡೆ ಒಮ್ಮೆ ನೋಡಿ, ನನ್ನ ಕಾಲ ಸಂದಿಯಲ್ಲಿ ನುಗ್ಗಿ ಕಣಕ್ಕೆ ಓಡಿತು. ಹಿಂಗಾಲು ಎಳೆಯುವುದನ್ನೇ ಮರೆತಿತ್ತು. ಬಾಗಿಲು ಹಾಕಿ ಕೂಡಿದರೆ ಕೂಡಿದ ಕ್ಷಣದಿಂದ ಊಳು. ಅವ್ವ ತಾನಾಗಿ ಎದ್ದು ಬಾಗಿಲು ತೆಗೆದಳು.

ಹೆಂಡತಿ ಹೇಳಿದಳು, "ರೀ, ಅದಕ್ಕೆ ಚಿರತೆ ಹೆದರಿಕೆ ಇಲ್ಲ, ನಿಮಗೆ ಉಂಟು. ನೀವೇ ಹೋಗಿ ಬಚ್ಚಲಲ್ಲಿ ಮಲಗಿ. ಕಂಬಳಿ ಹೇಗೂ ಹಾಸಿದ್ದೀರಿ."

ಅವ್ವ ಮಾತ್ರ ಕರುಣೆಯಿಂದ ಒಂದು ದಾರಿ ತೋರಿಸಿದಳು. "ಚಳಿಗೆ ಅದರ ಬಾಯಿರುಚಿ ಕೆಟ್ಟಿದೆ ಮಾರಾಯ. ಬಿಸಿಬಿಸಿ ಏನಾದ್ರೂ ಮಾಡಿ ಬಚ್ಚಲಲ್ಲಿಟ್ಟು ಕರಿ. ತಾನೇ ಬರ್ತದೆ."

ಹೀಗೆ ನಾನು ಅಡುಗೆಮನೆಗೆ ಕಾಲಿಟ್ಟೆ. ಘಟ್ಟದ ಕೆಳಗಿನಿಂದ ಮೀನು ತರುವವನ ಹತ್ತಿರ ಒಣಮೀನು ತೆಗೆದುಕೊಂಡೆ. ಉಪ್ಪು ನಾಯಿಗೆ ಆಗುವುದಿಲ್ಲ ಎಂದು ಯಾರೋ ಹೇಳಿದ್ದು ನೆನಪಾಗಿ, ನೀರು ಬದಲಿಸಿ ಬದಲಿಸಿ ಬೆಳಗಿನಿಂದ ನೆನೆಸಿದೆ. ಮುಳ್ಳು ಗಂಟಲಿಗೆ ಸಿಕ್ಕಿದರೆ? ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಮುಳ್ಳು ಬಿಡಿಸಿದೆ. ಆಮೇಲೆ ಅದನ್ನು ಹುರಿದು ಪುಡಿ ಮಾಡಿ, ರಾಗಿಹಿಟ್ಟು, ಅಕ್ಕಿನುಚ್ಚು, ಬೇಯಿಸಿದ ಸಿಹಿಗುಂಬಳದ ಜೊತೆ ಕಲಸಿದೆ.

ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಮದುವೆಯಾಗಿ ಇಷ್ಟು ವರ್ಷವಾಯ್ತು. ಮನುಷ್ಯರಿಗೆ ಒಂದು ದಿನ ಹೀಗೆ ಮುಳ್ಳು ಬಿಡಿಸಿ ಕೊಟ್ಟದ್ದು ಉಂಟಾ?"

"ನೀನು ಕಣದಲ್ಲಿ ಮಲಗೋದಿಲ್ಲವಲ್ಲ," ಎಂದೆ.

"ಮಲಗ್ತೇನೆ, ಕೊಡ್ತೀರಾದರೆ."

ಉಂಡೆ ಕಟ್ಟಿ ದೊಡ್ಡ ಪಾತ್ರೆಗೆ ಕೈ ಹಾಕುವಷ್ಟರಲ್ಲಿ ಅವ್ವನ ಕರುಣೆ ಮುಗಿಯಿತು. ಹಬ್ಬಕ್ಕೆ ಕಡುಬು ಬೇಯಿಸುವ ಪಾತ್ರೆಯಲ್ಲಿ ನಾಯಿಯ ಕಡುಬು! ಅಟ್ಟ ಹುಡುಕಿಸಿ ಆ ಹಿಡಿ ಮುರಿದ ಚಿಕ್ಕದನ್ನು ಇಳಿಸಿ, ಬಚ್ಚಲ ಒಲೆಯ ಮೇಲೆ ಬೇಯಿಸಿಕೋ, ನನ್ನ ಅಡುಗೆಮನೆಗೆ ತರಬೇಡ ಎಂದು ಅಪ್ಪಣೆ ಮಾಡಿದಳು. ಬೆಂದ ಮೇಲೆ ಒಂದು ಚೂರು ನಾನೇ ತಿಂದು ನೋಡಿದೆ. ಉಪ್ಪಿಲ್ಲ ಎನ್ನುವುದು ಬಿಟ್ಟರೆ ಚೆನ್ನಾಗಿಯೇ ಇತ್ತು. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಸಂಜೆ ಬಚ್ಚಲ ಹೊಸ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ಕಡುಬು ಹಿಡಿದು ಕರೆದೆ. ನಾಯಿ ಬಂತು. ಹೊಸ್ತಿಲ ಹೊರಗೇ ನಿಂತು ಕತ್ತು ಉದ್ದ ಮಾಡಿ, ಕಡುಬನ್ನು ಬಾಯಲ್ಲಿ ಹಿಡಿದುಕೊಂಡು ಕತ್ತಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಾಲ ಆಡಿಸುತ್ತಾ ಇನ್ನೊಂದಕ್ಕೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಒಳಗೆ ಬಾರದಿದ್ದರೂ ನನ್ನ ಕೈರುಚಿ ಅದಕ್ಕೆ ಹಿಡಿಸಿದೆಯಲ್ಲ ಎಂದು ನನಗೆ ಹೆಮ್ಮೆ. ಊಟಕ್ಕೆ ಕೂತಾಗ ಎರಡೆರಡು ಸಲ ಹೇಳಿಕೊಂಡೆ. "ಎಷ್ಟು ಬೇಗ ತಿಂತದೆ ಗೊತ್ತಾ? ಅಗಿಯೋದೂ ಇಲ್ಲ."

ಅಗಿಯದೆ ಇರುವುದಕ್ಕೆ ಕಾರಣ ಆ ವಾರವೇ ಗೊತ್ತಾಯಿತು. ಬಣಕಲ್ಲಿನಲ್ಲಿ ಕಾಫಿ ಕೊಳ್ಳುವ ಸಾಹೇಬರು ಮೋಡ ಕವಿದು ಎರಡು ದಿನದಿಂದ ರಾಶಿ ಹರಡದೆ ಬಿಟ್ಟಿದ್ದ ಒಂದು ಮಧ್ಯಾಹ್ನ, ಸಿಪ್ಪೆ ಸಮೇತ ಒಣಗಿಸುವ ಚೆರಿ ಎಷ್ಟು ಒಣಗಿದೆ ನೋಡಲು ಬಂದರು. ನಮ್ಮಪ್ಪನ ಕಾಲದಿಂದ ನಮ್ಮ ಮನೆಗೆ ಬರುವವರು. ರಾಶಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಕುಲುಕಿ ಸದ್ದು ಕೇಳಿ, ಮೂಗಿನ ಹತ್ತಿರ ಹಿಡಿದರು. ಹಿಡಿದವರು ಹಾಗೇ ನಿಂತರು.

"ಗೌಡ್ರೇ, ಈ ಕಾಫಿ ಯಾವ ಕಡೆಯಿಂದ ಬಂತು? ತೋಟದಿಂದಲೋ, ಮಂಗಳೂರು ಬಂದರಿನಿಂದಲೋ?"

ನಾನು ನಗಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರು ಇನ್ನೊಮ್ಮೆ ಕೈ ಹಾಕಿ ಒಂದು ಉಂಡೆ ಎಳೆದರು. ನನ್ನದೇ ಕಡುಬು. ಬೆರಳಿನ ಗುರುತು ಕೂಡ ನನ್ನದೇ. ರಾಶಿಯಲ್ಲಿ ಹುಡುಕಿದಷ್ಟೂ ಸಿಕ್ಕವು. ಮುದುಕ ಒಂದನ್ನೂ ತಿಂದಿರಲಿಲ್ಲ. ಮುಂದಿನ ಕಷ್ಟಕಾಲಕ್ಕೆಂದು ಕೂಡಿಡುತ್ತಿತ್ತು. ಚಿಂತೆಯ ಸ್ವಭಾವದಲ್ಲಿ ಅದು ನನ್ನ ನಾಯಿಯೇ, ಸಂದೇಹವಿಲ್ಲ.

ಸಾಹೇಬರು ಕಡುಬನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಒಳ್ಳೆಯದು ಮಾಡಿ ರಾಶಿಗೆ ಯಾಕೆ ಹಾಕಿದ್ದು? ಹೊಸ ಗೊಬ್ಬರವಾ?" ಎಂದರು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದಳು. ಆ ಭಾಗದ ಕಾಫಿಯನ್ನು ಬೇರೆ ಮಾಡಿ ಗಾಳಿಗೆ ಹರಡಿದೆವು. ಅಂದಿನಿಂದ ರಾಶಿಯ ಹತ್ತಿರ ನಾಯಿ ಬಾಯಲ್ಲಿ ಏನಾದರೂ ಹಿಡಿದು ಬಂದರೆ ಅವ್ವ ಪೊರಕೆ ತೋರಿಸುತ್ತಿದ್ದಳು. ಅದು ಜಾಣತನದಿಂದ ತನ್ನ ಉಗ್ರಾಣವನ್ನು ಕಣದ ಅಂಚಿನ ಹಾಲುವಾಣದ ಮರದ ಬುಡಕ್ಕೆ, ಮೆತ್ತಗಿನ ಮಣ್ಣಿಗೆ ವರ್ಗಾಯಿಸಿತು.

ತಿನ್ನುವುದಿಲ್ಲ ಎಂದಲ್ಲ, ಬಚ್ಚಲ ಹತ್ತಿರ ನಿಂತು ತಿನ್ನಲು ಅದಕ್ಕೆ ಧೈರ್ಯವಿಲ್ಲ ಎಂದು ನನಗೆ ಹೊಳೆದದ್ದು ಆಗ. ಯಾರಿಗೆ ಹೆದರುತ್ತಿದೆ? ಮರುದಿನ ಸಂಜೆ ಕಡುಬನ್ನು ಹಂಡೆಯ ಹತ್ತಿರವೇ ಇಟ್ಟು, ನಾನು ಸೌದೆಯ ಹಿಂದೆ ಕೂತೆ. ನಾಯಿ ಹೊಸ್ತಿಲು ದಾಟಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹಂಡೆಯ ಪಕ್ಕದ ಕಟ್ಟೆಯ ಮೇಲಿನಿಂದ ಒಂದು ಬೂದು ಬಣ್ಣದ ಕೈ ಇಳಿದು ಬಂದು ಅದರ ಮೂಗಿಗೆ ಫಟ್ಟನೆ ಬಾರಿಸಿತು. ಬೆಕ್ಕು. ಕಣ್ಣು ಕೂಡ ಪೂರ್ತಿ ತೆರೆದಿರಲಿಲ್ಲ. ನಾಯಿ ಕ್ಷಮೆ ಕೇಳುವಂತೆ ತಲೆ ತಗ್ಗಿಸಿ ಹಿಂದಕ್ಕೆ ನಡೆಯಿತು.

ಅಲ್ಲಿಗೆ ಅರ್ಥವಾಯಿತು. ಚಳಿಗಾಲದಲ್ಲಿ ಬಚ್ಚಲುಮನೆ ಬೆಕ್ಕಿನ ಸ್ವಂತ ಆಸ್ತಿ. ಯಜಮಾನಿಯನ್ನು ಕೇಳದೆ ನಾನು ಬಾಡಿಗೆದಾರನನ್ನು ಒಳಗೆ ಬಿಡಲು ಹೊರಟಿದ್ದೆ.

ಸುದ್ದಿ ಕೇಳಿ ಹೆಂಡತಿ ನಕ್ಕು ಸುಸ್ತಾದಳು. "ಹುಲಿ ಜಾತಿಯ ದೊಡ್ಡದಕ್ಕೆ ಹೆದರಿಕೆ ಇಲ್ಲ, ಚಿಕ್ಕದಕ್ಕೆ ನಡುಗ್ತದೆ! ನಿಮ್ಮ ಹಾಗೇ. ಫಾರೆಸ್ಟಿನವರ ಹತ್ತಿರ ಜೋರು ಮಾತಾಡ್ತೀರಿ, ಅವ್ವನ ಎದುರು ಬಾಯಿ ಬರೋದಿಲ್ಲ."

"ಯಾರು ನನ್ನ ಹೆಸರು ಎತ್ತಿದ್ದು?" ಒಳಗಿನಿಂದ ಅವ್ವ.

ಹೆಂಡತಿ ಪೊರಕೆ ಹಿಡಿದು ಅಂಗಳಕ್ಕೆ ಹೋದಳು, ನಾನು ಸೌದೆ ತರಲು ಹೋದೆ.

ಹಾಗಾದರೆ ಮೊದಲು ಬೆಕ್ಕಿಗೆ ಲಂಚ. ನಾಯಿಯ ಕಡುಬನ್ನು ಅದರ ಮುಂದಿಟ್ಟರೆ ಮೂಸಿ, ಮಣ್ಣು ಮುಚ್ಚುವಂತೆ ಕಾಲಿನಿಂದ ನೆಲ ಕೆರೆಯಿತು. ಅದಕ್ಕಿಂತ ಕೆಟ್ಟ ವಿಮರ್ಶೆ ನನ್ನ ಅಡುಗೆಗೆ ಈವರೆಗೆ ಸಿಕ್ಕಿಲ್ಲ. ರಾಗಿ ಬಿಟ್ಟೆ. ಮೀನು ಮಾರುವವನು ಬಿಸಾಡುವ ಬಂಗುಡೆಯ ತಲೆಗಳನ್ನು ಕೇಳಿ ತಂದು, ಉಪ್ಪು ಖಾರ ಈರುಳ್ಳಿ ಏನೂ ಹಾಕದೆ ಮೆಲ್ಲಗೆ ಕುದಿಸಿ, ಸೋಸಿ, ಸಾರನ್ನು ಬಟ್ಟಲಿಗೆ ಹಾಕಿ ಹಿತ್ತಿಲ ಕಿಟಕಿಯಲ್ಲಿಟ್ಟೆ. ಬೇರೆ ಊರಿನಲ್ಲಾದರೆ ಫ್ರಿಜ್ ಬೇಕಿತ್ತು. ನಮ್ಮ ಚಳಿಗೆ ಅದು ಬೆಳಗಾಗುವಷ್ಟರಲ್ಲಿ ಮುಟ್ಟಿದರೆ ನಡುಗುವ ಜೆಲ್ಲಿಯಷ್ಟು ಗಟ್ಟಿಯಾಗಿತ್ತು. ಅದನ್ನು ತುಂಡು ಮಾಡಿ, ಒಂದೊಂದು ತುಂಡಿನ ಸುತ್ತ ತೆಳ್ಳಗೆ ಅಕ್ಕಿಹಿಟ್ಟು ಮುಚ್ಚಿ, ಗೋಲಿಯಷ್ಟು ಚಿಕ್ಕ ಕಡುಬು ಕಟ್ಟಿ ಬೇಯಿಸಿದೆ. ಬೆಂದಾಗ ಒಳಗಿನದು ಕರಗಿ ಮತ್ತೆ ಸಾರಾಗಿತ್ತು. ಆರಿಸಿ ಒಡೆದು ಕೊಟ್ಟರೆ ಬೆಕ್ಕು ಕಣ್ಣು ಮುಚ್ಚಿಕೊಂಡು ನೆಕ್ಕಿತು.

ಆದರೆ ಕೊಟ್ಟದ್ದು ಕೆಳಗಲ್ಲ. ಹಂಡೆಯ ಮೇಲ್ಗಡೆ, ಹಸಿ ಸೌದೆ ಒಣಗಲು ಇಡುವ ಅಟ್ಟದ ಮೇಲೆ. ಒಲೆಯ ಶಾಖವೆಲ್ಲ ಮೇಲಕ್ಕೇ ಹೋಗುವುದರಿಂದ ಅಟ್ಟ ಕೆಳಗಿನ ಜಾಗಕ್ಕಿಂತ ಬೆಚ್ಚಗೆ. ಬೆಕ್ಕು ಮೊದಲ ದಿನ ತಿಂದು ಕೆಳಗಿಳಿಯಿತು. ಎರಡನೆಯ ದಿನ ತಿಂದು, ಮೈ ನೆಕ್ಕಿಕೊಂಡು, ಅಲ್ಲೇ ಮಲಗಿತು. ಕೆಳಗೆ ಕಂಬಳಿ ಖಾಲಿ.

ನಾಯಿ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿತು. ಆಮೇಲೆ ಗೋಡೆಯ ಅಂಚಿಗೇ ಹೊಟ್ಟೆ ಸವರಿಕೊಂಡು ಬಂದು, ಕಂಬಳಿಯ ಒಂದು ಮೂಲೆಯಲ್ಲಿ ಮಾತ್ರ ಕೂತು, ಕಡುಬನ್ನು ಮೊದಲ ಸಲ ಅಗಿದು ತಿಂದಿತು. ನಾನು ಸದ್ದಾಗದಂತೆ ಬಾಗಿಲು ಮುಂದೆ ಮಾಡಿದೆ. ಊಳು ಕೇಳಲಿಲ್ಲ.

ಮರುದಿನ ಬೆಳಗ್ಗೆ ಬಾಗಿಲು ತೆರೆದಾಗ ನಾಯಿ ಮೈಮುರಿದು ಎಂದಿನಂತೆ ಕಣಕ್ಕೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಕತ್ತಿನ ಕೂದಲು ನಿಮಿರಿತು. ಹಾಗೇ ತಿರುಗಿ ಬಂದು ನನ್ನ ಲುಂಗಿಯ ಹಿಂದೆ ನಿಂತುಕೊಂಡಿತು. ನಾನು ನೋಡಲು ಹೋದೆ. ಟಾರ್ಪಾಲಿನ ಒಂದು ಅಂಚು ಮಡಚಿತ್ತು, ಮುದುಕ ದಿನಾ ನುಸುಳುವ ಕಡೆಯದೇ. ಹಾಲುವಾಣದ ಬುಡದ ಮೆತ್ತಗಿನ ಮಣ್ಣಿನಲ್ಲಿ ನನ್ನ ಅಂಗೈಯಷ್ಟು ಅಗಲದ ಹೆಜ್ಜೆಗಳು. ಉಗುರಿನ ಗುರುತಿಲ್ಲ, ಅಂದರೆ ನಾಯಿಯದಲ್ಲ. ಚಿರತೆ ನಮ್ಮ ಮುದುಕನ ಉಗ್ರಾಣವನ್ನು ಪೂರ್ತಿ ಬಗೆದು ಖಾಲಿ ಮಾಡಿತ್ತು.

ಹೆಂಡತಿ ಬಂದು ನೋಡಿ, ಬಗ್ಗಿ ನಾಯಿಯ ಬೆನ್ನು ಸವರಿದಳು. ಅದು ಅವಳು ಎಂದೂ ಮಾಡದ ಕೆಲಸ. ಅವ್ವನೂ ಬಂದು ಹೆಜ್ಜೆಗಳನ್ನೂ ಗುಂಡಿಯನ್ನೂ ನೋಡಿದಳು. ಕೊನೆಗೆ ನನ್ನ ಮುಖ ನೋಡಿದಳು.

"ಹೋಗಲಿ ಬಿಡು. ನಿನ್ನ ರಾಗಿ ಕಡುಬು ಬಿಡದೆ ತಿಂದವರು ಒಬ್ಬರಾದರೂ ಸಿಕ್ಕಿದರಲ್ಲ."

ನನಗೆ ನಗು ಬರಲಿಲ್ಲ. ನಾನು ಆಗಲೇ ಮುಂದಿನದನ್ನು ಯೋಚಿಸುತ್ತಿದ್ದೆ. "ಅವ್ವ, ರುಚಿ ಹತ್ತಿ ಮತ್ತೆ ಬಂದರೆ?"

"ಚಿಕ್ಕ ಪಾತ್ರೆ ಸಾಲದು ಹಾಗಾದರೆ," ಎಂದಳು ಹೆಂಡತಿ.

ಅಂದು ಸಂಜೆ ಒಲೆಗೆ ಸೌದೆ ಒಡ್ಡುತ್ತಿದ್ದೆ. ನೀರಿಗೆ ಇನ್ನೂ ಕುದಿ ಬಂದಿರಲಿಲ್ಲ, ಕಡುಬು ಕಟ್ಟಿಯೂ ಇರಲಿಲ್ಲ. ನಾಯಿ ಕರೆಯದೆ ಬಂದು ಕಂಬಳಿಯ ನಡುಮಧ್ಯದಲ್ಲಿ ಮಲಗಿತು. ಅಟ್ಟದಿಂದ ಬೆಕ್ಕು ಕತ್ತು ಇಳಿಬಿಟ್ಟು ನೋಡಿ, ನನ್ನನ್ನೂ ನೋಡಿ, ತನ್ನ ಪಾಲು ಎಲ್ಲಿ ಎಂದು ಕೂಗಿತು. ಕಡುಬು ಬೆಂದ ಮೇಲೆ ಅದಕ್ಕೆ ಕೊಟ್ಟು, ಇದಕ್ಕೂ ಕೊಟ್ಟು, ಬಾಗಿಲೆಳೆದು ಚಿಲಕ ಹಾಕಿ ಬಂದೆ. ಆಮೇಲೆ ಹಾಕಿದ್ದೇನೋ ಇಲ್ಲವೋ ಎಂದು ಇನ್ನೊಮ್ಮೆ ಹೋಗಿ ನೋಡಿದೆ. ಹಾಕಿತ್ತು. ಒಳಗೆ ಕಡುಬು ಅಗಿಯುವ ಸದ್ದು ಕೇಳಿಸುತ್ತಿತ್ತು.