ಜೇವರ್ಗಿಯಿಂದ ತಂದ ಕಾರ್ಬ್ಯುರೇಟರ್

ಎಂಜಿನ್ನಿನ ಹೊಟ್ಟೆ ಹಿಗ್ಗಿಸಿದವನು ಅದರ ಬಾಯಿಯ ಬಗ್ಗೆಯೂ ಯೋಚಿಸಬೇಕು ಎಂಬ ಬುದ್ಧಿ ನನಗೆ ಆಗ ಇರಲಿಲ್ಲ. ಯುದ್ಧದ ಕಾಲ. ಆಳಂದದ ನಮ್ಮ ಮನೆಯಲ್ಲಿ ಅಪ್ಪ ಕೊಂಡಿದ್ದ ಹಳೆಯ ಮೋಟಾರು ಕಾರೊಂದಿತ್ತು. ಅಪ್ಪ ತೀರಿಹೋದ ಮೇಲೆ ಅದು ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಅದನ್ನು ಮತ್ತೆ ರಸ್ತೆಗೆ ಇಳಿಸಲೇಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ನನ್ನ ಅಕ್ಕ.

ಅಕ್ಕನನ್ನು ಕರಜಗಿಗೆ ಕೊಟ್ಟಿದ್ದೆವು. ಎರಡು ಸಲ ಬಸುರಿಯಾಗಿ ಎರಡು ಸಲವೂ ಕೂಸು ದಕ್ಕಿರಲಿಲ್ಲ. ಎರಡೂ ಸಲ ಹೆರಿಗೆ ಕಷ್ಟವಾಗಿ, ಎತ್ತಿನ ಗಾಡಿಯಲ್ಲಿ ಕಲಬುರ್ಗಿಯ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರನೆಯ ಸಲ ಅವಳು ಬಸುರಿ ಎಂದು ತಿಳಿದಾಗ ನಾನು ಹೋಗಿ, "ಅಕ್ಕಾ, ಈ ಸಲ ಗಾಡಿ ಅಲ್ಲ, ಮೋಟಾರ್ ತರ್ತೇನಿ" ಎಂದು ಮಾತು ಕೊಟ್ಟು ಬಂದೆ. ಅವಳು ಆಗಲಿ ಎಂಬಂತೆ ತಲೆ ಅಲ್ಲಾಡಿಸಿದಳು ಅಷ್ಟೆ.

ಊರಲ್ಲಿ ಮೋಟಾರಿನ ಕೆಲಸ ಬಲ್ಲವರೆಂದರೆ ಒಬ್ಬರೇ ಮಿಸ್ತ್ರಿ. ಅಪ್ಪನ ವಯಸ್ಸಿನವರು, ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಎಂಜಿನ್ ಪೂರಾ ಸವೆದಿತ್ತು. ಸಿಲಿಂಡರುಗಳನ್ನು ಸೊಲ್ಲಾಪುರದಲ್ಲಿ ಕೊರೆಸಿ, ಮೊದಲಿಗಿಂತ ದಪ್ಪ ಪಿಸ್ಟನ್ನುಗಳನ್ನು ಕೂಡಿಸಿದರು. ಹಳೆಯ ಕಾರ್ಬ್ಯುರೇಟರ್ ಇದಕ್ಕೆ ಸಾಲದಾಯಿತು. ಅದು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಮಾನು.

ಚಾಚಾನ ಅಂಗಡಿಯ ಮೂಲೆಯಲ್ಲಿ ಲಾರಿಯೊಂದರಿಂದ ಬಿಚ್ಚಿದ ಕಾರ್ಬ್ಯುರೇಟರ್ ಬಿದ್ದಿತ್ತು. ನೋಡಿದರೆ ತಂಬಿಗೆಯಷ್ಟು ಗಾತ್ರ. ನನಗೆ ಅದೇ ಬೇಕು.

"ಬ್ಯಾಡ ತಮ್ಮಾ. ಇದು ಭಾಳ ದೊಡ್ಡದಾಗ್ತದ."

"ಎಂಜಿನ್ ದೊಡ್ಡದಾಗ್ಯಾದಲ್ಲ ಚಾಚಾ, ಇದೂ ದೊಡ್ಡದಿರ್ಲಿ. ಜೋರ್ ಓಡ್ತದ."

ಅವರು ಅದನ್ನೇ ಕೂಡಿಸಿಕೊಟ್ಟರು. ನಾನು ಮೀಸೆ ತಿರುವುತ್ತ ಪಕ್ಕದ ಊರು ಜಿಡಗಾದ ಕಡೆ ಹೊರಟೆ. ಏರು ಬಂದಲ್ಲೆಲ್ಲ ಗಾಡಿ ಕೆಮ್ಮಿತು, ಹಿಂದೆ ಕರಿ ಹೊಗೆ ಬಿಟ್ಟಿತು, ಕೊನೆಗೆ ನಿಂತೇಬಿಟ್ಟಿತು. ಯುದ್ಧದಿಂದಾಗಿ ಅಳತೆಗೆ ಸಿಗುತ್ತಿದ್ದ ಪೆಟ್ರೋಲು ಅರ್ಧ ಹೊಗೆಯಾಗಿ ಹೋಗಿತ್ತು. ಯಾರದೋ ಎತ್ತುಗಳು ನನ್ನ ಮೋಟಾರನ್ನು ಆಳಂದದ ಪೇಟೆಯ ನಡುವೆ ಎಳೆದು ತಂದವು. ಆ ದಿನ ನಕ್ಕವರ ಪಟ್ಟಿ ಹೇಳುತ್ತ ಕೂತರೆ ಕಾಗದ ಸಾಲದು.

ಚಾಚಾ ನಗಲಿಲ್ಲ. "ನಿಮ್ಮವ್ವ ಒಲಿ ಊದ್ತಾಳಲ್ಲ, ಊದಗೊಳವಿ ಎಷ್ಟ್ ಸಣ್ಣದಿರ್ತದ? ಕೊಡದ ಬಾಯಾಗ ಊದಿದ್ರ ಬೆಂಕಿ ಹತ್ತತದೇನು?" ಎಂದರು. ಆಮೇಲೆ ಕೇಳಿದರು, "ಗಾಡ್ಯಾಗ ಕೂಡೋರು ಯಾರು?"

ಅಕ್ಕನ ಕತೆ ಅವರಿಗೆ ನಾನು ಅದುವರೆಗೂ ಹೇಳಿರಲಿಲ್ಲ. ಹೇಳಿದೆ. ಅವರು ಕೈಯೊರೆಸಿಕೊಂಡರು. "ಹಂಗಾದ್ರ ಜೋರ್ ಓಡೋದು ಬ್ಯಾಡ. ನಡುವ ನಿಂದ್ರಬಾರ್ದು, ಅಷ್ಟೇ."

ಮಾರನೆಯ ದಿನವೇ ಇಬ್ಬರೂ ಜೇವರ್ಗಿಗೆ ಹೋದೆವು. ಅಲ್ಲಿ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ ಗಾಲಿ ಕಳಚಿ ಬಿದ್ದಿದ್ದ ಕಾರಿನಿಂದ ನಡುಗಾತ್ರದ ಒಂದು ಕಾರ್ಬ್ಯುರೇಟರ್ ಬಿಚ್ಚಿ ತಂದೆವು. ಅದರೊಳಗೆ ಪೆಟ್ರೋಲು ಚಿಮ್ಮುವ ಹಿತ್ತಾಳೆಯ ಸಣ್ಣ ತೂತಿಗೆ ಜೆಟ್ ಎನ್ನುತ್ತಾರೆ. ಅದು ಸವೆದು ಅಗಲವಾಗಿತ್ತು. ಚಾಚಾ ಅದನ್ನು ಬೆಸುಗೆ ಹಾಕಿ ಮುಚ್ಚಿ, ಹೊಲಿಗೆಯ ಸೂಜಿಯಿಂದ ಮತ್ತೆ ತೂತು ಮಾಡಿದರು. ಗಾಡಿ ಓಡಿಸುವುದು, ಏರಿನಲ್ಲಿ ನಿಲ್ಲಿಸುವುದು, ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡುವುದು. ಕರ್ರಗಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ. ಅವರಿಗೆ ಬೇಕಾದದ್ದು ಹುರಿದ ಶೇಂಗಾದ ಸಿಪ್ಪೆಯ ಬಣ್ಣ. ಐದು ದಿನ ಹೀಗೆ ಕಳೆಯಿತು. ನನ್ನ ತಾಳ್ಮೆ ಮೂರನೆಯ ದಿನಕ್ಕೇ ಮುಗಿದಿತ್ತು. ಅವರು ಮಾತ್ರ ಪ್ರತಿ ಸಲವೂ ಪ್ಲಗ್ಗನ್ನು ಬಿಸಿಲಿಗೆ ಹಿಡಿದು, ಹೊಸದಾಗಿ ನೋಡುವವರಂತೆ ನೋಡುತ್ತಿದ್ದರು.

ಆಗಿನ ಡಬ್ಬಿ ಪೆಟ್ರೋಲಿನಲ್ಲಿ ತುಕ್ಕು, ಮಣ್ಣು ಎಲ್ಲ ಇರುತ್ತಿತ್ತು. ಚಾಚಾ ಒಂದು ಹಳೆಯ ಧೋತರದ ತುಂಡು ಕೊಟ್ಟು, "ಇದ್ರಾಗೇ ಸೋಸು, ಬ್ಯಾರೆ ಅರಿವಿ ಹಿಡೀಬ್ಯಾಡ" ಎಂದಿದ್ದರು. ದಿನ ತುಂಬುವ ಮೊದಲೇ ಅಕ್ಕನನ್ನು ಕಲಬುರ್ಗಿಗೆ ಸೇರಿಸಲು ಹೊರಡುವ ದಿನ ಮುಂಜಾನೆ ಅವ್ವ ಅದನ್ನು ನೋಡಿ ಬೆಂಕಿಯಾದಳು.

"ಉಡಿ ತುಂಬಿ ಕರ್ಕೊಂಡ್ ಬರೋ ಗಾಡಿಗಿ ಮಂದಿ ಉಟ್ಟು ಬಿಟ್ಟ ಅರಿವಿ ಹಚ್ತಿಯೇನೋ? ಎರಡ್ ಹ್ವಾದದ್ದು ಸಾಲಲಿಲ್ಲೇನು?"

ಶುಭಕಾರ್ಯಕ್ಕೆ ನೀರೂ ಕಾಣದ ಹೊಸ ಬಟ್ಟೆಯೇ ಆಗಬೇಕು ಎಂಬುದು ನಮ್ಮಲ್ಲಿಯ ನಡಾವಳಿ. ಉಡಿ ತುಂಬಲು ತಂದಿದ್ದ ಬಟ್ಟೆಯಿಂದಲೇ ಒಂದು ತುಂಡು ಹರಿದು, ಕುಂಕುಮ ಹಚ್ಚಿ ಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಅದರಲ್ಲೇ ಸೋಸಿದೆ. ಚಾಚಾನಿಗೆ ಹೇಳಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಕರಜಗಿಯಲ್ಲಿ ಉಡಿ ತುಂಬಿ, ಅಕ್ಕನನ್ನು ಕೂಡಿಸಿಕೊಂಡು ಕಲಬುರ್ಗಿಗೆ ಹೊರಟೆವು. ಹಿಂದೆ ಅವ್ವ ಮತ್ತು ಅಕ್ಕ, ಮುಂದೆ ನಾನು ಮತ್ತು ಚಾಚಾ. ಅಫಜಲಪುರ ದಾಟಿದ ಮೇಲೆ ಅಕ್ಕನಿಗೆ ನೋವು ಸುರುವಾಯಿತು. ದಿನ ಇನ್ನೂ ಇದ್ದವು, ಯಾರೂ ಎಣಿಸಿರಲಿಲ್ಲ. ಎರಡು ಹರದಾರಿ ಹೋಗುವಷ್ಟರಲ್ಲಿ ಗಾಡಿ ಎರಡು ಸಲ ಬಿಕ್ಕಳಿಸಿ ನಿಂತಿತು. ಸುತ್ತ ಬರೀ ಜೋಳದ ಹೊಲ, ನೆತ್ತಿಯ ಮೇಲೆ ಬಿಸಿಲು, ಹಿಂದಿನ ಸೀಟಿನಲ್ಲಿ ಅಕ್ಕ ಹಲ್ಲು ಕಚ್ಚಿ ನರಳುತ್ತಿದ್ದಾಳೆ.

ನಾನು ಮೈಮೇಲಿನ ಎಚ್ಚರ ತಪ್ಪಿದವನಂತೆ ಕೂಗಿದೆ: "ಐದ್ ದಿನ ಇದೇ ಮಾಡಿದ್ರೇನು ಚಾಚಾ? ಇದೇನಾ ನಿಮ್ಮ ಮಿಸ್ತ್ರಿಕಿ?"

ಅವರು ಬಾನೆಟ್ ಎತ್ತಿ, ಕಾದ ಕಾರ್ಬ್ಯುರೇಟರನ್ನು ಬೆರಳು ಸುಟ್ಟುಕೊಂಡೇ ಬಿಚ್ಚಿದರು. ಜೆಟ್ಟನ್ನು ಸೂರ್ಯನಿಗೆ ಹಿಡಿದರು. ಬೆಳಕು ಕಾಣಲಿಲ್ಲ. ಸೂಜಿಯಿಂದ ಮೆಲ್ಲಗೆ ಎಳೆದಾಗ ಹೊರಗೆ ಬಂದದ್ದು ಬಿಳಿ ಹತ್ತಿಯ ಸಣ್ಣ ಉಂಡೆ. ನೀರು ಕಾಣದ ಹೊಸ ಬಟ್ಟೆ ಬಿಟ್ಟ ನಾರು; ಹಳೆಯ ಧೋತರವಾಗಿದ್ದರೆ ನಾರು ಬಿಡುತ್ತಿರಲಿಲ್ಲ. ಅದರ ಒಂದು ಅಂಚಿಗೆ ಕುಂಕುಮದ ಕೆಂಪು ಹತ್ತಿತ್ತು. ಚಾಚಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಏನಾಗ್ಯಾದೋ ಮಿಸ್ತ್ರಿ?" ಎಂದು ಅವ್ವ ಹಿಂದಿನಿಂದ ಚೀರಿದಳು.

ಅವರು ಮುಷ್ಟಿ ಮುಚ್ಚಿದರು. "ನನ್ನ ತಪ್ಪ ಆಗ್ಯಾದ್ರಿ ಅವ್ವಾ. ಒಂದ್ ಸ್ಕ್ರೂ ಬಿಗಿ ಮಾಡೋದು ಮರ್ತಿದ್ದೆ."

ಅವ್ವ ಬಾಯಿಗೆ ಬಂದಂತೆ ಬೈದಳು. ಅವರು ತಲೆಯ ರುಮಾಲು ಬಿಚ್ಚಿ, ಟ್ಯಾಂಕಿನ ಪೆಟ್ರೋಲನ್ನೆಲ್ಲ ಡಬ್ಬಿಗೆ ಇಳಿಸಿ, ಅದರಲ್ಲಿ ಸೋಸಿ ಮತ್ತೆ ಹಾಕಿ, ಕಾರ್ಬ್ಯುರೇಟರ್ ಕೂಡಿಸಿದರು. ಹ್ಯಾಂಡಲ್ ಒಮ್ಮೆ ತಿರುವಿದ್ದಕ್ಕೇ ಎಂಜಿನ್ ಎದ್ದಿತು. ಕಲಬುರ್ಗಿಯವರೆಗೂ ಒಮ್ಮೆಯೂ ತೊದಲಲಿಲ್ಲ. ದವಾಖಾನೆಗೆ ಹೋದ ಅರ್ಧ ತಾಸಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಅದರ ಅಳು ಕೇಳಿ ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಗಳಗಳನೆ ಅತ್ತೆ.

ಆಮೇಲೆ ಚಾಚಾನನ್ನು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು.

"ನಿಮ್ಮವ್ವಗ ಗೊತ್ತಾದ್ರ, ಮೊದಲಿನ ಎರಡೂ ತನ್ನಿಂದೇ ಹ್ವಾದ್ವು ಅಂತ ಕೂಡ್ತಾಳ. ನನಗ ಬೈದ್ರ ಏನಾಗ್ತದ? ನಾ ಏನ್ ಜೆಟ್ ಏನೋ, ಕಟ್ಕೊಂಡು ನಿಲ್ಲಾಕ? ನೀ ಬಾಯಿ ಬಿಟ್ಟೀ ಅಂದ್ರ ನಾ ನಿನ್ನ ಗಾಡಿ ಮುಟ್ಟಂಗಿಲ್ಲ."

ಎಂಜಿನ್ ವಿಷಯ ಅವರಿಂದ ಕಲಿತದ್ದು ಬಹಳ. ಆದರೆ ಅವರ ಋಣ ನೆನೆದಾಗ ನನಗೆ ನೆನಪಾಗುವುದು ಆ ಮುಚ್ಚಿದ ಮುಷ್ಟಿ. ಅಂಥವರ ಕೈಕೆಳಗೆ ಕೆಲಸ ಮಾಡಿದ್ದು ನನ್ನ ಪುಣ್ಯ.

ಕೂಸಿನ ತೊಟ್ಟಿಲ ದಿನ ಅವ್ವ ತಾನೇ ಹೇಳಿಕಳಿಸಿ ಚಾಚಾನನ್ನು ಕರೆಸಿದಳು. ಪಡಸಾಲೆಯಲ್ಲಿ ಎಲೆ ಹಾಕಿ ಹೋಳಿಗೆ ಬಡಿಸಿದಳು. ನಾನು ತುಪ್ಪದ ಗಿಂಡಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೆಂಟರೆಲ್ಲ ಕೇಳುವ ಹಾಗೆ ಅವ್ವ ಅಂದಳು:

"ಆದದ್ದು ಆಗಿ ಹೋಯ್ತು ಮಿಸ್ತ್ರಿ. ನಿನ್ನ ತಪ್ಪ ನಾ ಹೊಟ್ಟ್ಯಾಗ ಹಾಕ್ಕೊಂಡೇನಿ."

ಚಾಚಾ ಎಲೆಯ ಮುಂದಿನಿಂದ ಎದ್ದು ನಿಂತರು. ಎಲ್ಲರೆದುರು ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಮನಸ್ಸು ದೊಡ್ಡದ್ರಿ ಅವ್ವಾ" ಎಂದು ತಲೆ ಬಾಗಿಸಿದರು.