ಕಡಿಯದ ಗೆರೆ

ಕನ್ನಂಬಾಡಿ ಕಟ್ಟೆ ಇನ್ನೂ ಏಳುತ್ತಿದ್ದ ಕಾಲ. ಚುಂಚನಕಟ್ಟೆಯಿಂದ ಕೆಳಗೆ, ಹೊಳೆಯ ದಂಡೆಯಲ್ಲಿ ನಮ್ಮ ಹೊಲ. ಎರಡು ತಿಂಗಳೂ ತುಂಬದ ನನ್ನ ಚೊಚ್ಚಲ ಮಗಳನ್ನು ಅದರ ಮೂಲೆಯಲ್ಲೇ ಹೂಳಿದ್ದರು. ಕೆಂಪು ಮಣ್ಣಿನ ಸಣ್ಣ ಗುಡ್ಡೆ. ಗಡಿಕಲ್ಲಿನಿಂದ ಹೊಳೆಯ ಕಡೆಗೆ ಏಳು ಹೆಜ್ಜೆ. ಗಂಡಸರು ಮರೆಯುತ್ತಾರೆಂದು ನಾನೇ ಅಳೆದಿಟ್ಟುಕೊಂಡಿದ್ದೆ.

ಮರುವರ್ಷ ಹೊಳೆ ಉಕ್ಕಿ ಮೂರು ದಿನ ಹೊಲದ ಮೇಲೆ ಹರಿಯಿತು. ನೀರಿಳಿದಾಗ ಗಡಿಕಲ್ಲಿನ ತಲೆಯಷ್ಟೇ ಕಾಣುತ್ತಿತ್ತು. ಹೊಸ ಮಣ್ಣು ಬಿಸಿಲಿಗೆ ಬಿರಿದು ಹೆಂಚಿನ ಹಾಗೆ ಮುದುರಿಕೊಂಡಿತು.

"ಮೇಲೆ ಮೆಕ್ಕಲು ಬಿದ್ದದೆ ಅಷ್ಟೆ. ಕೂಸು ಒಳಗೆ ಬೆಚ್ಚಗದೆ ಬುಡು" ಎಂದರು ಮಾವ.

ಆ ಮಾತನ್ನೇ ನಂಬಿ ನಾಲ್ಕು ವರ್ಷ ಕಳೆದೆ. ಹಬ್ಬ ಬಂದಾಗಲೆಲ್ಲ ಏಳು ಹೆಜ್ಜೆ ಎಣಿಸಿ ಒಂದು ಹಿಡಿ ಹೂ ಇಟ್ಟು ಬರುತ್ತಿದ್ದೆ.

ಐದನೇ ವರ್ಷ ಅದೇ ಮಾವ ಅದೇ ಮೂಲೆಯಲ್ಲಿ ಬಾವಿ ತೆಗೆಸುತ್ತೇನೆಂದರು. ನನ್ನ ಬಾಯಿ ಮೊದಲಿಂದಲೂ ಜೋರು; ಜಗಳವಾಡಿದೆ, ಎರಡು ಹೊತ್ತು ಉಣ್ಣಲಿಲ್ಲ. ಯಾರೂ ಜಗ್ಗಲಿಲ್ಲ. ಕೊನೆಗೆ ಬಾವಿ ತೋಡುವ ಮುದುಕನಿಗೇ ಎಲ್ಲ ಹೇಳಿದೆ.

"ಅಳಬ್ಯಾಡಿ ಕಣವ್ವ. ಹೊಳೆ ಹಾಸಿದ ಮಣ್ಣಲ್ಲಿ ಪದರದ ಗೆರೆ ಇರ್ತದೆ, ಅಗೆದು ಮುಚ್ಚಿದ ಮಣ್ಣಲ್ಲಿ ಇರಕ್ಕಿಲ್ಲ. ಅಂಥ ಮಣ್ಣು ಕಂಡ್ರೆ ಗುದ್ಲಿ ಕೆಳಗಿಡ್ತೀನಿ. ನಿಮ್ಮ ಮಾವ್ನೋರು ಏನಾರ ಅನ್ಲಿ."

ಗುಂಡಿಯ ಅಂಚಿನಲ್ಲೇ ಕೂತೆ. ಮೇಲಿನ ಒಂದು ಗೇಣು ಮಣ್ಣನ್ನು ನೇಗಿಲು, ಬೇರು, ಎರೆಹುಳು ಕಲಸಿ ಒಂದು ಮಾಡಿದ್ದವು. ಅದರ ಕೆಳಗೆ ಬರೀ ಗೆರೆಗಳು: ಬೆರಳುದಪ್ಪ ಮರಳು, ಅದರ ಮೇಲೆ ನುಣ್ಣನೆ ಕೆಸರು, ಮತ್ತೆ ಮರಳು. ಗುಂಡಿ ಎದೆಮಟ್ಟಕ್ಕೆ ಬಂತು, ತಲೆಮಟ್ಟ ದಾಟಿತು. ಮುದುಕ ಗುದ್ದಲಿ ಇಡಲಿಲ್ಲ.

"ಸುತ್ತಲೂ ನೋಡವ್ವ, ಗೆರೆ ಎಲ್ಲೂ ಕಡಿದಿಲ್ಲ. ಇಲ್ಲಿ ಯಾರೂ ಅಗೆದೇ ಇಲ್ಲ" ಎಂದು ಕೆಳಗಿನಿಂದ ಕೂಗಿದ. ನನಗೆ ಸಮಾಧಾನವಾಗಲೆಂದೇ ಹೇಳಿದ್ದು, ಪಾಪ.

"ಅಷ್ಟೊಂದು ಬಡ್ಕೊಂಡೆಯಲ್ಲ, ಹೆಜ್ಜೆ ತಪ್ಪಿದ್ದೀಯ" ಎಂದು ಮಾವ ನಕ್ಕರು.

ತಪ್ಪಿರಲಿಲ್ಲ. "ನಮ್ಮ ಹಳೇ ಕೆಂಪು ಮಣ್ಣು ಎಷ್ಟು ಆಳಕ್ಕೆ ಸಿಕ್ತು?" ಎಂದು ಕೇಳಿದೆ.

ಮುದುಕ ಗುಂಡಿಯ ಗೋಡೆಯನ್ನು ಗುದ್ದಲಿಯಿಂದ ಕೆರೆದು ನೋಡಿದ. "ಸಿಗ್ನಿಲ್ಲ ಕಣವ್ವ. ತಳದ ಹೊಳೆಕಲ್ಲಿನ ಗಂಟ ಎಲ್ಲಾ ಹೊಳೆ ತಂದ ಹೊಸ ಮಣ್ಣೇ."

ಹೊಳೆ ಮೆಕ್ಕಲು ಹೊದಿಸಿ ಹೋಗಿರಲಿಲ್ಲ. ಮೊದಲು ನಮ್ಮ ನೆಲವನ್ನೇ ಕೂಸಿನ ಸಮೇತ ಕೊರೆದುಕೊಂಡು ಹೋಗಿ, ಆಮೇಲೆ ಆ ಜಾಗ ತುಂಬಿತ್ತು. ನಾಲ್ಕು ವರ್ಷ ನಾನು ಬರೀ ಮಣ್ಣಿಗೆ ಹೂವಿಟ್ಟಿದ್ದೆ. ಮಾವನ ಮೇಲೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ.

ಬಾವಿಯಲ್ಲಿ ಸಿಹಿನೀರು ಬಂತು. ಮುಂದಿನ ಹಬ್ಬಕ್ಕೆ ಹೂ ಹಿಡಿದು ಹೊಳೆಯ ದಂಡೆಗೆ ಹೋದೆ. ಅಷ್ಟು ಉದ್ದದ ಹೊಳೆಯಲ್ಲಿ ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ.